ಎಕರೆ, ಗುಂಟೆ ಮತ್ತು ಮೂರನೆಯ ಹಂತ

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರ ವಿವರಗಳನ್ನು ತಿದ್ದುವುದಕ್ಕಾಗಿ ನಾನು ಸಿದ್ಧಪಡಿಸುತ್ತಿರುವ ಐದು ಹಂತಗಳ ವೆಬ್ ಫಾರ್ಮ್‌ನಲ್ಲಿ ಹೊಲ-ಬೆಳೆಗಳನ್ನು ತುಂಬುವ ಮೂರನೆಯ ಹಂತವೊಂದೇ ಎರಡು ವಾರ ಹಿಡಿಯಿತು. ಒಬ್ಬ ರೈತರಿಗೆ ಹಲವು ಹೊಲ, ಒಂದೊಂದು ಹೊಲದಲ್ಲಿ ಹಲವು ಬೆಳೆ ಎಂಬ ರಚನೆ ಜೇಸನ್ (JSON, ಒಂದರೊಳಗೊಂದು ಮಾಹಿತಿ ಜೋಡಿಸಿಡುವ ಪಠ್ಯರೂಪ) ಕಡತದಲ್ಲಿ ಸಲೀಸಾಗಿ ಕೂರುತ್ತದೆ. ಮೊಬೈಲ್ ಪರದೆಯ ಮೇಲೆ ಅದನ್ನು ಕೂರಿಸುವುದೇ ಕಷ್ಟ.

ಪಹಣಿಯಲ್ಲಿ 2 ಎಕರೆ 20 ಗುಂಟೆ ಎಂದಿರುವುದನ್ನು ನಾನು ಒಂದೇ ಖಾನೆಯಲ್ಲಿ 2.20 ಎಂದು ಪಡೆಯುತ್ತಿದ್ದೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ ಎಂದು ತಿದ್ದಿದವರು ತಿಕೋಟಾ ಕಡೆಯ ಹಿರಿಯ ರೈತರೊಬ್ಬರು. ಈಗ ಎರಡಕ್ಕೂ ಬೇರೆ ಬೇರೆ ಖಾನೆಗಳಿವೆ. ಸರ್ವೆ ನಂಬರಿನ ಜೊತೆ ಹಿಸ್ಸೆಯ, ಅಂದರೆ ಜಮೀನಿನ ಉಪಭಾಗದ, ಓರೆಗೆರೆಯೂ (/) ಬರುವುದರಿಂದ, ಹೆಸರಿನಲ್ಲಿ ನಂಬರ್ ಎಂದಿದ್ದರೂ ಅದನ್ನು ಅಕ್ಷರಗಳಾಗಿಯೇ ಉಳಿಸಿದ್ದೇನೆ.

ಅದೇ ಹಿರಿಯರು ಹಿಂದಿನ ಹಂತಕ್ಕೆ ಹೋಗಿ ಹೆಸರು ತಿದ್ದಿ ಮರಳಿದಾಗ, ತುಂಬಿದ್ದ ನಾಲ್ಕೂ ಹೊಲಗಳು ಅಳಿಸಿಹೋಗಿದ್ದವು. "ಮತ್ತ ಮೊದಲಿಂದ ತುಂಬಬೇಕೇನ್ರೀ?" ಎಂದು ಅವರು ಕೇಳಿದ ಸಮಾಧಾನದ ದನಿ ನನ್ನನ್ನು ಇಂದಿಗೂ ಕಾಡುತ್ತದೆ, ಏಕೆಂದರೆ ಕನ್ನಡಕ ಸರಿಪಡಿಸಿಕೊಳ್ಳುತ್ತ ಅವರು ಅರ್ಧ ಗಂಟೆ ಕುಳಿತು ತುಂಬಿದ್ದರು. ಪ್ರತಿ ಹಂತವೂ ತನ್ನದೇ ಪ್ರತಿಯನ್ನು ಇಟ್ಟುಕೊಳ್ಳುತ್ತಿದ್ದುದೇ ದೋಷವಾಗಿತ್ತು. ಈಗ ಎಲ್ಲ ಹಂತಗಳೂ ಒಂದೇ ಕರಡನ್ನು ತಿದ್ದುತ್ತವೆ. ಕೊನೆಯಲ್ಲಿ ಹಳೆಯ ಮತ್ತು ಹೊಸ ವಿವರಗಳನ್ನು ಅಕ್ಕಪಕ್ಕ ನೋಡಿ ಅವರು ಒಪ್ಪಿದ ಮೇಲಷ್ಟೇ ಮೂಲ ದಾಖಲೆ ಬದಲಾಗುತ್ತದೆ. ಸೋಮವಾರ ಅವರಿಗೇ ಮೊದಲು ತೋರಿಸಲಿದ್ದೇನೆ.