ಹಾಲಿಯೋ, ಕಲ್ದಾರೋ? ತುಂಗಭದ್ರೆಯ ಎರಡು ದಡದ ಬೆಳ್ಳಿ ರೂಪಾಯಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹಳೇ ಮನೆಗಳಲ್ಲಿ ದೇವರ ಜಗಲಿಯ ಮೇಲೆ, ಸಂದೂಕದ ತಳದಲ್ಲಿ, ಅಜ್ಜಿಯ ಕಾಸಿನ ಸರದಲ್ಲಿ ಸಿಗುವ ಬೆಳ್ಳಿ ರೂಪಾಯಿಗಳಲ್ಲಿ ಹೆಚ್ಚಿನವು ಎರಡೇ ಬಗೆ. ಚಾರ್ಮಿನಾರ್ ಚಿತ್ರ ಇದ್ದರೆ ಅದು ನಿಜಾಮನ ಹಾಲಿ ಸಿಕ್ಕಾ. ರಾಣಿಯದೋ ರಾಜನದೋ ಮುಖ ಇದ್ದರೆ ಕಲ್ದಾರ್, ಅಂದರೆ ಯಂತ್ರದಲ್ಲಿ ಅಚ್ಚಾದ ಬ್ರಿಟಿಷ್ ರೂಪಾಯಿ. ಮುಂದೆ ಹಾಲಿಯೂ ಯಂತ್ರದಲ್ಲೇ ಅಚ್ಚಾಯಿತು, ಆದರೂ ಕಲ್ದಾರ್ ಅನ್ನುವ ಹೆಸರು ಮುಖದ ರೂಪಾಯಿಗೇ ಉಳಿಯಿತು.

ಎರಡೂ ಒಂದೇ ಸೀಮೆಯಲ್ಲಿ ಸಿಗುವುದಕ್ಕೆ ಕಾರಣ ನಮ್ಮ ಹೊಳೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಆಚೆ ದಡದ ರಾಯಚೂರು, ಕೊಪ್ಪಳ ನಿಜಾಮನ ರಾಜ್ಯದಲ್ಲೇ ಉಳಿದವು. ರಾಯಚೂರು ದೋಆಬು 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಅದೊಂದು ಬಿಟ್ಟರೆ 1948ರ ಸೆಪ್ಟೆಂಬರ್ ತನಕ ಇದೇ ಸ್ಥಿತಿ. ತುಂಗಭದ್ರೆ ದಾಟಿದರೆ ದುಡ್ಡೇ ಬೇರೆ. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ ಮತ್ತು ಮದರಾಸು ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ ಮೇಲಂತೂ ಎರಡೂ ನಾಣ್ಯ ಒಂದೇ ಪೇಟೆಯಲ್ಲಿ ಕೈಬದಲಾಗತೊಡಗಿದವು.

ಹಾಲಿಗೂ ಕಲ್ದಾರಿಗೂ ಆಗಿನ ವಿನಿಮಯ ದರ 100 ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಸರಳವಾಗಿ ಹೇಳುವುದಾದರೆ ಏಳು ಹಾಲಿಗೆ ಆರು ಕಲ್ದಾರ್. ಈ ಲೆಕ್ಕ ಎಲ್ಲಿಂದ ಬಂತು ಎಂದು ತಕ್ಕಡಿಯನ್ನೇ ಕೇಳಬಹುದು. ಕಲ್ದಾರ್ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಸುಮಾರು 10.69 ಗ್ರಾಂ. ಹಾಲಿ ರೂಪಾಯಿ 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8, ಅಂದರೆ 9.14 ಗ್ರಾಂ. ಆರು ಕಲ್ದಾರಿನಲ್ಲಿ 64.1 ಗ್ರಾಂ ಬೆಳ್ಳಿ, ಏಳು ಹಾಲಿಯಲ್ಲಿ 64 ಗ್ರಾಂ. ದರ ಬೆಳ್ಳಿಯ ಮೇಲೆಯೇ ನಿಂತಿತ್ತು. ನಾಣ್ಯ ಸಂಗ್ರಹ ಶುರುಮಾಡುವವರು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಈ ಎರಡು ತೂಕ: 11.66 ಮತ್ತು 11.18. ಕ್ಯಾಟಲಾಗು, ಭೂತಗನ್ನಡಿ ಎಲ್ಲ ಆಮೇಲೆ.

ಈಗ ಹಾಲಿಯನ್ನು ಓದುವ ಬಗೆ. ಪಾರ್ಸಿ ಬಾರದವರಿಗೂ ಇದು ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ. ಚಾರ್ಮಿನಾರಿನ ನಡುವಿನ ಕಮಾನು ಬಾಗಿಲೊಳಗೆ ಒಂದು ಅಕ್ಷರ ಇರುತ್ತದೆ. ಕಣ್ಣು ಮೊದಲು ಅಲ್ಲಿಗೆ ಹೋಗಬೇಕು. ಸಣ್ಣ ಗುಂಡು ತಲೆಗೆ ಬಾಲ ಇಳಿಬಿಟ್ಟಂತಿದ್ದರೆ ಅದು 'ಮೀಮ್', ಮೀರ್ ಮಹಬೂಬ್ ಅಲಿ ಖಾನನ ಗುರುತು. ಚಾರ್ಮಿನಾರ್ ರೂಪಾಯಿ ಹಿಜರಿ 1321ರಲ್ಲಿ, ಅಂದರೆ 1903ರ ಸುಮಾರಿಗೆ, ಅವನ ಕಾಲದಲ್ಲೇ ಶುರುವಾದದ್ದು. ಬಾಯಿ ತೆರೆದ ಕೊಕ್ಕೆಯಂತಿದ್ದರೆ ಅದು 'ಐನ್', ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನದು. ಐನ್‌ನಲ್ಲೂ ಎರಡು ಬಗೆ. ಮೊದಲ ನಾಣ್ಯಗಳಲ್ಲಿ ಅಕ್ಷರದ ತಲೆ ಮಾತ್ರ ಇದೆ. ಆಮೇಲಿನವುಗಳಲ್ಲಿ ತಲೆಯ ಕೆಳಗೆ ದೊಡ್ಡ ಹೊಟ್ಟೆ ಇರುವ ಪೂರ್ತಿ ಐನ್ ಬಂತು. ತಲೆ ಮಾತ್ರ ಇರುವುದು ಕಡಿಮೆ ಕಾಲ ಅಚ್ಚಾಯಿತು, ಹಾಗಾಗಿ ಅದನ್ನು ರಾಶಿಯಿಂದ ಬೇರೆ ತೆಗೆದಿಡಿ. ನಾಣ್ಯ ಸವೆದಾಗ ಪೂರ್ತಿ ಐನಿನ ಹೊಟ್ಟೆ ಮಸುಕಾಗಿ ತಲೆ ಮಾತ್ರ ಕಾಣುವುದುಂಟು. ಬಾಗಿಲ ತಳದಲ್ಲಿ ಗೆರೆಯ ಕುರುಹು ಉಳಿದಿದೆಯೇ ಎಂದು ಹತ್ತು ಪಟ್ಟಿನ ಮಸೂರದಲ್ಲಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ಸುತ್ತಲಿನ ಬರಹ 'ನಿಜಾಮ್ ಉಲ್ ಮುಲ್ಕ್ ಬಹಾದುರ್ ಆಸಫ್ ಜಾಹ್'. ಅದರ ಜೊತೆಗೆ 92 ಎಂಬ ಸಂಖ್ಯೆ ಇದೆ. ಅನೇಕರು ಅದನ್ನು ಇಸವಿಯ ತುಂಡು ಅಂದುಕೊಳ್ಳುತ್ತಾರೆ. ಅದು ಅಬ್ಜದ್ ಲೆಕ್ಕ: ಮುಹಮ್ಮದ್ ಎಂಬ ಹೆಸರಿನ ಅಕ್ಷರಗಳ ಬೆಲೆ 40, 8, 40, 4 ಕೂಡಿಸಿದರೆ 92. ಹಿಂಬದಿಯಲ್ಲಿ ಬೆಲೆ, ಪಟ್ಟಕ್ಕೆ ಬಂದ ಮೇಲಿನ ವರ್ಷ (ಜುಲೂಸ್), 'ಜರ್ಬ್ ಫರ್ಖುಂದಾ ಬುನಿಯಾದ್ ಹೈದರಾಬಾದ್' ಅನ್ನುವ ಟಂಕಸಾಲೆಯ ಹೆಸರು. ಜರ್ಬ್ ಅಂದರೆ ಅಚ್ಚು ಹೊಡೆದದ್ದು. ಫರ್ಖುಂದಾ ಬುನಿಯಾದ್ ಆ ಊರಿನ ಬಿರುದು.

ಅಂಕಿ ಓದುವಲ್ಲಿ ಬಹಳ ಜನ ಎಡವುತ್ತಾರೆ. ನೆಟ್ಟಗಿನ ಕಡ್ಡಿ ಒಂದು. ಚುಕ್ಕೆ ಸೊನ್ನೆ. ಗುಂಡಗಿನ ಸುಳಿ ಕಂಡರೆ ಸೊನ್ನೆ ಅನ್ನಬೇಡಿ, ಅದು ಐದು. ಇಂಗ್ಲಿಷಿನ ಏಳರಂತೆ ಕಾಣುವುದು ಆರು. ನಿಜವಾದ ಏಳು ಇಂಗ್ಲಿಷಿನ 'ವಿ' ಅಕ್ಷರದಂತೆ ಮೇಲಕ್ಕೆ ತೆರೆದಿರುತ್ತದೆ, ಅದನ್ನೇ ಕವುಚಿ ಹಾಕಿದರೆ ಎಂಟು. ಒಂಬತ್ತು ನಮಗೆ ಗೊತ್ತಿರುವಂಥದ್ದೇ. ಎರಡು, ಮೂರಕ್ಕೆ ಕಡ್ಡಿಯ ತಲೆಯ ಹಲ್ಲು ಎಣಿಸಬೇಕು. ನಾಣ್ಯ ತಲೆಕೆಳಗಾಗಿ ಹಿಡಿದರೆ ಏಳು ಎಂಟಾಗುತ್ತದೆ; ಚಾರ್ಮಿನಾರಿನ ಗೋಪುರಗಳು ಮೇಲಿವೆಯೇ ಎಂದು ನೋಡಿಕೊಂಡೇ ಓದಿ. ಹಿಜರಿ ವರ್ಷ ಚಾಂದ್ರಮಾನದ್ದು, ನಮ್ಮ ವರ್ಷಕ್ಕಿಂತ ಚಿಕ್ಕದು. ಹಾಗಾಗಿ ಅದನ್ನು 0.97ರಿಂದ ಗುಣಿಸಿ 622 ಕೂಡಿಸಬೇಕು. 1331 ಇದ್ದರೆ 1291 ಚಿಲ್ಲರೆಗೆ 622 ಸೇರಿಸಿ 1913.

ಚಾರ್ಮಿನಾರ್ ಬದಿಯ ಹಿಜರಿ ವರ್ಷವನ್ನು ಹಿಂಬದಿಯ ಜುಲೂಸ್ ವರ್ಷದೊಂದಿಗೆ ತಾಳೆ ನೋಡುವುದು ಒಳ್ಳೆಯ ಪರೀಕ್ಷೆ. ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದದ್ದು ಹಿಜರಿ 1329ರಲ್ಲಿ (1911ರ ಆಗಸ್ಟ್). ಹಿಜರಿ ವರ್ಷದಿಂದ 1329 ಕಳೆದಾಗ ಬಂದ ಸಂಖ್ಯೆ, ಇಲ್ಲವೇ ಅದಕ್ಕಿಂತ ಒಂದು ಹೆಚ್ಚು, ಜುಲೂಸ್ ವರ್ಷ ಆಗಿರಬೇಕು. 1337ಕ್ಕೆ 8 ಅಥವಾ 9. ಇದು ಹೊಂದದಿದ್ದರೆ ಅಂಕಿಯನ್ನು ಮತ್ತೆ ಓದಿ. ಆಗಲೂ ಹೊಂದದಿದ್ದರೆ ನಾಣ್ಯದ ಮೇಲೆ ಅನುಮಾನಪಡಿ. ಹಿಜರಿ 1360ರ ದಶಕದ, ಅಂದರೆ ಎರಡನೇ ಮಹಾಯುದ್ಧದ ಕಾಲದ ಹಾಲಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಿದೆ. ಬಾಗಿಲಲ್ಲಿ ಐನ್ ಇದೆ ಎಂದು ಅದಕ್ಕೂ ಮೊದಲಿನ ದರ ಕೊಡಬೇಡಿ.

ಕಲ್ದಾರಿನ ಕಥೆ ಓದಲು ಸುಲಭ, ಮೋಸಹೋಗಲೂ ಸುಲಭ. 1835ರಲ್ಲಿ ನಾಲ್ಕನೇ ವಿಲಿಯಂ ಮುಖದೊಂದಿಗೆ ಕಂಪನಿಯ ಸೀಮೆಗೆಲ್ಲ ಒಂದೇ ರೂಪಾಯಿ ಬಂತು. 1840ರ ವಿಕ್ಟೋರಿಯಾದಲ್ಲಿ ರಾಣಿಯ ತಲೆ ಸುತ್ತಿನ ಬರಹ ಒಂದೇ ಓಟದಲ್ಲಿದೆಯೋ, ತಲೆ ನಡುವೆ ಬಂದು ಎರಡಾಗಿ ಒಡೆದಿದೆಯೋ ನೋಡಿ. ಇವೆರಡು ಬೇರೆ ಬೇರೆ ಬಗೆ. 1862 ಎಂಬ ಇಸವಿ 1874ರವರೆಗೂ ಹಾಗೇ ಮುಂದುವರಿಯಿತು, ಆದ್ದರಿಂದ '1862' ಎಂದಿದ್ದ ಮಾತ್ರಕ್ಕೆ ಅದು ಆ ವರ್ಷದ್ದೇ ಅಲ್ಲ. ಇಸವಿಯ ಬಳಿ ಇರುವ ಸಣ್ಣ ಚುಕ್ಕೆಗಳ ಎಣಿಕೆಯೇ ಅಲ್ಲಿ ಸುಳಿವು. 1877ರಿಂದ ರಾಣಿ 'ಎಂಪ್ರೆಸ್' ಆದಳು. ಏಳನೇ ಎಡ್ವರ್ಡನ ತಲೆಯ ಮೇಲೆ ಕಿರೀಟವಿಲ್ಲ. ಕಿರೀಟ ಹಿಂಬದಿಯಲ್ಲಿದೆ, ಅಕ್ಕಪಕ್ಕ ಕಮಲದ ದಂಟು. ಐದನೇ ಜಾರ್ಜನ ಹಿಂಬದಿಯ ಹೂವಿನ ಬಳ್ಳಿಯಲ್ಲಿ ನಮ್ಮ ಕಮಲದ ಜೊತೆ ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಮುಳ್ಳುಹೂವು, ಐರ್ಲೆಂಡಿನ ಮೂರೆಲೆ ಸೊಪ್ಪು ಇವೆ. ಬಳ್ಳಿಯ ತಳದ ಕಮಲದ ಕೆಳಗೆ ಒಂದು ಚುಕ್ಕೆ ಇದ್ದರೆ ಮುಂಬಯಿ ಟಂಕಸಾಲೆ, ಇಲ್ಲದಿದ್ದರೆ ಕಲಕತ್ತೆ.

1911ರ ರೂಪಾಯಿಗೆ 'ಹಂದಿ ರೂಪಾಯಿ' ಎಂಬ ಹೆಸರು ಬಿದ್ದಿದೆ. ರಾಜನ ನಿಲುವಂಗಿಯ ಮೇಲಿನ ಪದಕದ ಆನೆಗೆ ಸೊಂಡಿಲು ಮೊಟಕಾಗಿ ಅದು ಹಂದಿಯಂತೆ ಕಂಡಿತು. ಜನ ಸಿಟ್ಟಾದರು, ಹೆಚ್ಚಿನವನ್ನು ಸರ್ಕಾರ ವಾಪಸು ಪಡೆದು ಕರಗಿಸಿತು, 1912ರಿಂದ ಸೊಂಡಿಲು ಉದ್ದವಾಯಿತು. ಕಡಿಮೆ ಉಳಿದಿರುವುದರಿಂದಲೇ 1911ರ ನಕಲು ಹೆಚ್ಚು. ಅದೇ ರೀತಿ ಆರನೇ ಜಾರ್ಜನ 1939 ಅಪರೂಪ. 1938ರ ಕೊನೆಯ ಎಂಟನ್ನು ಕೆತ್ತಿ ಒಂಬತ್ತು ಮಾಡಿರುವುದುಂಟು, ಅಲ್ಲಿ ತೂಕ ಏನೂ ಹೇಳುವುದಿಲ್ಲ. ಆ ಅಂಕಿಯ ಸುತ್ತಲಿನ ಮೈ ಉಳಿದ ಮೈಗಿಂತ ನುಣುಪಾಗಿದೆಯೇ, ಉಳಿಯ ಗೀರು ಇದೆಯೇ ಎಂದು ಮಸೂರದಲ್ಲಿ ಹುಡುಕಬೇಕು. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. ಉಳಿದದ್ದು 40 ಪಾಲು ತಾಮ್ರ, ನಿಕ್ಕಲ್ ಮತ್ತು ಸತು ಐದೈದು ಪಾಲು. ಗುರುತು ಸುಲಭ: ಅಂಚಿನ ಹಲ್ಲುಗಳ ನಡುವೆ ಸುತ್ತಲೂ ಒಂದು ಗೀರು ಓಡಿರುತ್ತದೆ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ನಿಕ್ಕಲ್.

ಬೆಳ್ಳಿ ಎಷ್ಟಿದೆ ಎಂದು ತಿಳಿಯಲು ನಾಣ್ಯವನ್ನು ಒರೆಗಲ್ಲಿಗೆ ಉಜ್ಜಿಸಬೇಡಿ; ಅಂಚಿನಲ್ಲಿ ಗಾಯವಾದರೆ ಸಂಗ್ರಹದ ಬೆಲೆ ಅಲ್ಲೇ ಬಿತ್ತು. 0.01 ಗ್ರಾಂ ತೋರಿಸುವ ಕೈತಕ್ಕಡಿ, ಒಂದು ಲೋಟ ನೀರು, ತೆಳು ನೈಲಾನ್ ದಾರ ಸಾಕು. ಮೊದಲು ಒಣ ನಾಣ್ಯ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ದಾರಕ್ಕೆ ಕಟ್ಟಿದ ನಾಣ್ಯವನ್ನು ತಳಕ್ಕೂ ಗೋಡೆಗೂ ತಾಗದಂತೆ ಮುಳುಗಿಸಿ ಹಿಡಿಯಿರಿ. ಆಗ ತೋರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿದರೆ ಸಾಂದ್ರತೆ. ಕಲ್ದಾರ್ 1.13 ತೋರಿಸಬೇಕು (ಸಾಂದ್ರತೆ 10.3), ಹಾಲಿ 1.10 (10.2), ಅರ್ಧ ಬೆಳ್ಳಿಯ ಜಾರ್ಜ್ 1.22 (9.5). ಅದೇ ತೂಕದ ಜರ್ಮನ್ ಸಿಲ್ವರ್ (ಬೆಳ್ಳಿಯೇ ಇಲ್ಲದ ಬೆಳ್ಳಿಬಣ್ಣದ ಲೋಹ) ನಕಲು 1.34ರ ಹತ್ತಿರ ಹೋಗುತ್ತದೆ. ತಪ್ಪಾಗುವುದು ಸಾಮಾನ್ಯವಾಗಿ ಗಾಳಿಗುಳ್ಳೆಯಿಂದ: ಅಚ್ಚಿನ ಸಂದಿಗೆ ಗುಳ್ಳೆ ಅಂಟಿದರೆ ನೀರಿನ ಅಂಕಿ ಹೆಚ್ಚಾಗಿ, ಒಳ್ಳೇ ಬೆಳ್ಳಿಯೂ ಕಲಬೆರಕೆ ಎಂದು ತೋರುತ್ತದೆ. ನಾಣ್ಯವನ್ನು ನೀರಿನೊಳಗೇ ಎರಡು ಸಲ ಅಲುಗಿಸಿ ನೋಡಿ. ಫ್ಯಾನು ಆರಿಸಿ. ಸರದ ಕೊಂಡಿ ಬೆಸೆದ ನಾಣ್ಯಕ್ಕೆ ಈ ಲೆಕ್ಕ ಹೊಂದುವುದಿಲ್ಲ, ಬೆಸುಗೆಯ ಲೋಹ ಎರಡೂ ಅಂಕಿಯನ್ನು ಕೆಡಿಸುತ್ತದೆ.

ಕೊಂಡಿಯ ಮಾತು ಬಂದದ್ದರಿಂದ: ನಮ್ಮ ಕಡೆ ಲಂಬಾಣಿ ಹೆಂಗಸರ ಹಾರದಲ್ಲಿ, ಕಾಸಿನ ಸರಗಳಲ್ಲಿ ಸೇರಿದ ರೂಪಾಯಿಗಳು ಬಹಳ. ಕೊಂಡಿ ಕಿತ್ತು 'ಶುದ್ಧ' ಮಾಡಿಸಲು ಪತ್ತಾರರಿಗೆ ಕೊಡಬೇಡಿ. ಕಿತ್ತ ಜಾಗದಲ್ಲಿ ಬೆಸುಗೆಯ ಕಲೆಯೂ ಅರದ ಗುರುತೂ ಉಳಿಯುತ್ತವೆ. ಒಂಟಿ ನಾಣ್ಯವಾಗಿ ಅದಕ್ಕೆ ಬೆಲೆ ಬರುವುದಿಲ್ಲ, ಒಡವೆಯಾಗಿ ಇದ್ದ ಬೆಲೆಯೂ ಹೋಗುತ್ತದೆ. ಪೂರ್ತಿ ಹಾರ ಹಾಗೇ ಇದ್ದರೆ ಅದೇ ಒಂದು ಸಂಗ್ರಹ. ಅದನ್ನು ಬಿಡಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು.

ತೊಳೆಯುವುದರಿಂದ ಹಾಳಾದ ನಾಣ್ಯಗಳು ಕಳುವಾದವಕ್ಕಿಂತ ಹೆಚ್ಚು. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಯಾವುದೂ ಬೇಡ. ವಿಭೂತಿ, ಹಲ್ಲುಪುಡಿ ಮೈ ಗೀರುತ್ತವೆ; ಹುಳಿ ತಾಮ್ರವನ್ನು ಮೇಲಿನ ಪದರದಿಂದ ಎಳೆದು ನಾಣ್ಯವನ್ನು ಸುಣ್ಣದ ಬಿಳಿ ಮಾಡುತ್ತದೆ. ಕಪ್ಪು ಬಣ್ಣ ಬೆಳ್ಳಿ ಗಂಧಕದೊಡನೆ ಸೇರಿ ಆದದ್ದು, ಅದು ಇದ್ದರೇ ಚೆಂದ. ಲಕ್ಷ್ಮೀಪೂಜೆಯ ಅರಿಷಿಣ, ಕುಂಕುಮ, ಎಣ್ಣೆಯ ಜಿಡ್ಡು ಮಾತ್ರ ತೆಗೆಯಬೇಕು: ಕಿಟಕಿ ತೆರೆದು, ಒಲೆಯಿಂದ ದೂರ, ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಹತ್ತು ನಿಮಿಷ ನೆನೆಸಿ. ಆಮೇಲೆ ಬಟ್ಟಿ ಇಳಿಸಿದ ನೀರಲ್ಲಿ ಅದ್ದಿ, ಉಜ್ಜದೆ ಮೆತ್ತಗಿನ ಬಟ್ಟೆಯ ಮೇಲೆ ಒಣಗಲು ಬಿಡಿ. ಕೊಳವೆಬಾವಿ ನೀರು ಬಳಸಬೇಡಿ, ನಮ್ಮ ನೀರಿನ ಉಪ್ಪು ಕಲೆ ಬಿಡುತ್ತದೆ. ಇಡುವಾಗ ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ, ಹಳೇ ಪೇಪರು ದೂರವಿರಲಿ. ಅಗ್ಗದ ಮೆತ್ತಗಿನ ಪಿವಿಸಿ ಕವರು ನಮ್ಮ ಬೇಸಿಗೆಯಲ್ಲಿ ಬೆವರಿ ನಾಣ್ಯಕ್ಕೆ ಹಸಿರು ಅಂಟು ಹತ್ತಿಸುತ್ತದೆ. ಮೈಲಾರ್ ಅಥವಾ ಪಾಲಿಪ್ರೊಪಿಲೀನ್ ಕವರು ಕೇಳಿ ತನ್ನಿ.

ಇನ್ನೂ ಹಳೆಯವು ಕೆಲವೊಮ್ಮೆ ಎದುರಾಗುತ್ತವೆ. ಬಳ್ಳಾರಿ ಕಡೆ ಆರ್ಕಾಟ್ ರೂಪಾಯಿಯಲ್ಲಿ ಕಮಲ ಇದ್ದರೆ ಕಂಪನಿಯ ಮದರಾಸು ಟಂಕಸಾಲೆ, ಅರ್ಧಚಂದ್ರ ಇದ್ದರೆ ಫ್ರೆಂಚರ ಪುದುಚೇರಿ. ಕಂಪನಿಯ ಆರ್ಕಾಟ್ ರೂಪಾಯಿಯ ಮೇಲಿನ ಹಿಜರಿ 1172ನ್ನು ನಂಬಿ ಕಾಲ ಹೇಳಬೇಡಿ, ಆ ವರ್ಷವನ್ನು ಬದಲಿಸದೆ ದಶಕಗಟ್ಟಲೆ ಅಚ್ಚು ಹಾಕಿದರು. ಟಿಪ್ಪುವಿನ ಎರಡು ರೂಪಾಯಿ ಹೈದರಿ, ರೂಪಾಯಿ ಇಮಾಮಿ, ಎಂಟಾಣೆ ಆಬಿದಿ, ಪಾವಲಿ ಬಾಕಿರಿ; ಅವನೇ ತಂದ ಮೌಲೂದಿ ಪಂಚಾಂಗದ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮಸ್ಕಿ, ಗವಿಮಠ, ಪಾಲ್ಕಿಗುಂಡು, ನಿಟ್ಟೂರು, ಉದೇಗೊಳಂ ಅಶೋಕ ಶಾಸನಗಳ ಸೀಮೆಯಾದ್ದರಿಂದ ಮುದ್ರಾಂಕಿತ ನಾಣ್ಯದ ಮಾತೂ ಇಲ್ಲಿ ಕೇಳಿಬರುತ್ತದೆ. ಅವು ಸುಮಾರು 3.4 ಗ್ರಾಮಿನ, ಅಡ್ಡಾದಿಡ್ಡಿ ಕತ್ತರಿಸಿದ ಬೆಳ್ಳಿ ತುಂಡುಗಳು. ಒಂದು ಬದಿಗೆ ಬೇರೆ ಬೇರೆ ಉಳಿಯಿಂದ ಹೊಡೆದ ಐದು ಮುದ್ರೆ, ಅದರಲ್ಲಿ ಸೂರ್ಯ ಮತ್ತು ಆರು ಕೈಯ ಚಿಹ್ನೆ ಹೆಚ್ಚುಕಡಿಮೆ ಯಾವಾಗಲೂ ಇರುತ್ತವೆ. ಉಳಿದ ಮೂರು ಬೆಟ್ಟ, ಮರ, ಆನೆ, ಗೂಳಿ ಹೀಗೆ ಬದಲಾಗುತ್ತವೆ. ಮುದ್ರೆಗಳು ಒಂದರ ಮೇಲೊಂದು ಹತ್ತಿರಬೇಕು. ಐದೂ ಅಚ್ಚುಕಟ್ಟಾಗಿ ಬಿಡಿಬಿಡಿಯಾಗಿ ಕೂತಿದ್ದರೆ ಎಚ್ಚರ.

ಹಂಪಿ ಸುತ್ತಮುತ್ತ 'ವಿಜಯನಗರದ ಬೆಳ್ಳಿ ರೂಪಾಯಿ' ಎಂದು ಯಾರಾದರೂ ಕೊಟ್ಟರೆ ಕೊಳ್ಳಬೇಡಿ. ವಿಜಯನಗರದ್ದು ಚಿನ್ನದ ವರಾಹ, ತಾಮ್ರದ ಕಾಸು. ಬೆಳ್ಳಿಯಲ್ಲಿ ಇದ್ದದ್ದು 'ತಾರ' ಎಂಬ ಪುಟ್ಟ ನಾಣ್ಯ. ರಾಮ, ಹನುಮಂತನ ಚಿತ್ರದ ಕೆಳಗೆ ಕಂಪನಿಯ ಹೆಸರು, 1818 ಎಂಬ ಇಸವಿ ಇರುವ ಬಿಲ್ಲೆಗಳನ್ನು ಕಂಪನಿ ಎಂದೂ ಅಚ್ಚು ಹಾಕಿಲ್ಲ. ಅಕ್ಕಿ ಎಳೆಯುತ್ತದೆ ಎನ್ನುವ ನಾಣ್ಯದ ಮಾತು ಎತ್ತಿದವರ ಹತ್ತಿರ ನಿಲ್ಲಲೇಬೇಡಿ.

ಹೊಲದಲ್ಲಿ ನೇಗಿಲಿಗೋ, ಪಾಯ ತೋಡುವಾಗಲೋ ಗಡಿಗೆ ಸಿಕ್ಕರೆ ಅದು ಸಂಗ್ರಹಕ್ಕೆ ಸೇರುವುದಲ್ಲ. ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು, ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.

ಪ್ರತಿ ನಾಣ್ಯದ ಕವರಿಗೂ ಒಂದು ಚೀಟಿ ಬರೆದಿಡಿ. ಹೆಸರಿಗಿಂತ ಅದು ಎಲ್ಲಿಂದ ಬಂತು ಎಂಬುದು ಮುಖ್ಯ, ಏಕೆಂದರೆ ಯಾವ ದಡದಲ್ಲಿ ಯಾವ ದುಡ್ಡು ಎಷ್ಟು ದೂರ ಹರಿದಿತ್ತು ಎಂದು ತಿಳಿಯುವುದು ಅದೊಂದರಿಂದಲೇ. ಚೀಟಿ ಹೀಗಿದ್ದರೆ ಸಾಕು: 'ಹಾಲಿ ರೂಪಾಯಿ, ಹಿಜರಿ 1337, ಜುಲೂಸ್ 8, ಪೂರ್ತಿ ಐನ್, 11.12 ಗ್ರಾಂ, ನೀರಲ್ಲಿ 1.09, ಕೊಂಡಿ ಇಲ್ಲ, ತೊಳೆದಿಲ್ಲ, ಸಿಂಧನೂರು, ಅಜ್ಜಿಯ ಸಂದೂಕ.'