ಒಂದು ಓ-ರಿಂಗಿನ ಹಿಂದೆ ಮೂರು ವಾರ: 18ರ ಎಂಜಿನ್ನಿನ ಬ್ರೇಕ್‌ಇನ್ ಕಡೆಗೂ ಆರಂಭ

ನಿನ್ನೆ ಸಂಜೆ ನನ್ನ ರಿಮೋಟ್ ಮಾದರಿ ಟ್ರಕ್ಕಿನ ಹೊಸ ಎಂಜಿನ್ನು ಬ್ರೇಕ್‌ಇನ್‌ನಲ್ಲಿ, ಅಂದರೆ ಮೆಲ್ಲಗೆ ಓಡಿಸಿ ಹದಕ್ಕೆ ತರುವ ಆರಂಭದ ಓಟದಲ್ಲಿ, ಇಡೀ ಒಂದು ಟ್ಯಾಂಕ್ ಇಂಧನವನ್ನು ನಡುವೆ ಒಮ್ಮೆಯೂ ನಿಲ್ಲದೆ ಕುಡಿದು ಮುಗಿಸಿತು. ಪೈಪಿನ ತುದಿಯಿಂದ ನೀಲಿ ಹೊಗೆ ಎಳೆಯಾಗಿ ಹೊರಡುತ್ತಿತ್ತು, ಇಟ್ಟಿಗೆಗಳ ಮೇಲೆ ಕೂರಿಸಿದ್ದ ಟ್ರಕ್ಕಿನ ಹಿಂದಿನ ಟೈರಿನ ಮೇಲೆ ಎಣ್ಣೆಯ ಸಣ್ಣ ಹನಿಗಳು ಒಂದೊಂದಾಗಿ ಬಂದು ಕೂರುತ್ತಿದ್ದವು, ತಾರಸಿಯ ತುಂಬ ಸುಟ್ಟ ಹರಳೆಣ್ಣೆಯ ವಾಸನೆ. ಹನ್ನೆರಡು ನಿಮಿಷ ನಾನು ಅದರ ಪಕ್ಕದಿಂದ ಕದಲಲಿಲ್ಲ. ಏಕೆಂದರೆ ಅದಕ್ಕೆ ಮೊದಲಿನ ಮೂರು ವಾರಗಳಲ್ಲಿ ಈ ಎಂಜಿನ್ನು ಒಂದು ಸಲವೂ 40 ಸೆಕೆಂಡಿಗಿಂತ ಹೆಚ್ಚು ಓಡಿರಲಿಲ್ಲ.

ರಿಸೀವರ್, ಸರ್ವೋಗಳ ಜೋಡಣೆ, ಫೇಲ್‌ಸೇಫ್, ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಚ್ಚಿದ್ದು, ಇವು ಎಲ್ಲರೂ ಮಾಡುವ ಕೆಲಸಗಳಾದ್ದರಿಂದ ಅವುಗಳನ್ನು ವಿವರಿಸುವುದಿಲ್ಲ. ಎಂಜಿನ್ನು .18 ಘನ ಅಂಗುಲದ್ದು, ಅಂದರೆ ಸುಮಾರು 3 ಸಿಸಿ, ಹಗ್ಗ ಎಳೆದು ಚಾಲೂ ಮಾಡುವ ಪುಲ್ ಸ್ಟಾರ್ಟರ್ ಇರುವ ಹೊಸ ಎಬಿಸಿ (ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪದ ಹಿತ್ತಾಳೆ ಸ್ಲೀವ್) ಎಂಜಿನ್ನು. ಹೊಸದರಲ್ಲಿ ಪಿಸ್ಟನ್ ಮೇಲ್ತುದಿಯಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುವುದು ದೋಷವಲ್ಲ. ಪಿಸ್ಟನ್ ಓಡಾಡುವ ಹಿತ್ತಾಳೆಯ ಕೊಳವೆಯನ್ನು, ಅಂದರೆ ಸ್ಲೀವನ್ನು, ಮೇಲ್ಗಡೆ ಬೇಕೆಂದೇ ಕಿರಿದಾಗಿ ಮಾಡಿರುತ್ತಾರೆ, ಅದು ಕಾದು ಹಿಗ್ಗಿದಾಗಷ್ಟೇ ಸರಿಯಾದ ಸಂದು ಬಿಡುತ್ತದೆ. ಆದ್ದರಿಂದ ತಣ್ಣನೆಯ ಎಂಜಿನ್ನಿನ ಹಗ್ಗವನ್ನು ಜಗ್ಗುವ ಬದಲು ಹೇರ್ ಡ್ರೈಯರ್ ಹಿಡಿದು ಹೆಡ್ಡನ್ನು 80 ಡಿಗ್ರಿಯವರೆಗೆ ಕಾಯಿಸಿಯೇ ಪ್ರತಿ ಸಲವೂ ಸ್ಟಾರ್ಟ್ ಮಾಡಿದ್ದೇನೆ. ಸ್ಟಾರ್ಟ್ ಆಗುವುದರಲ್ಲಿ ತೊಂದರೆ ಇರಲೇ ಇಲ್ಲ. ಎರಡನೆಯ, ಮೂರನೆಯ ಎಳೆತಕ್ಕೆ ಹಿಡಿದುಕೊಳ್ಳುತ್ತಿತ್ತು. ಹಿಡಿದುಕೊಂಡ ಮೇಲೆ ಏನಾಗುತ್ತಿತ್ತು ಎಂಬುದೇ ಮೂರು ವಾರಗಳ ಕಥೆ.

ಮೊದಲ ಅರ್ಧ ನಿಮಿಷ ದಟ್ಟ ಹೊಗೆಯೊಡನೆ ಗಡಗಡ ಓಡುವುದು, ಆಮೇಲೆ ಥ್ರಾಟಲ್ ಮುಟ್ಟದಿದ್ದರೂ ವೇಗ ತಾನಾಗಿ ಏರುವುದು, ಹೊಗೆ ತೆಳುವಾಗುವುದು, ಕೀರಲು ದನಿ ಬಂದು ತಟ್ಟನೆ ನಿಲ್ಲುವುದು. ಬಿಚ್ಚಿದಷ್ಟೂ ಹೆಚ್ಚು ಇಂಧನ ಬಿಡುವ ಹೈ ಸ್ಪೀಡ್ ನೀಡಲನ್ನು ಕಾಲು ಸುತ್ತು ಬಿಚ್ಚಿದೆ, ಅರ್ಧ ಸುತ್ತು ಬಿಚ್ಚಿದೆ, ಕೊನೆಗೆ ಕೈಪಿಡಿ ಹೇಳಿದ 3 ಸುತ್ತಿನಿಂದ ನಾಲ್ಕೂವರೆ ಸುತ್ತಿನವರೆಗೂ ಹೋದೆ. ವ್ಯತ್ಯಾಸವಾಗಲಿಲ್ಲ. ನಮ್ಮ ಎಂಜಿನ್ನುಗಳಿಗೆ ಎಣ್ಣೆ ಬರುವುದೇ ಇಂಧನದ ಜೊತೆ. ಲೀನ್ ಆಗಿ, ಅಂದರೆ ಇಂಧನ ಕಡಿಮೆ, ಗಾಳಿ ಹೆಚ್ಚಾಗಿ ಓಡಿದ ಪ್ರತಿ ಸೆಕೆಂಡೂ ಹೊಸ ಪಿಸ್ಟನ್ ಎಣ್ಣೆಯಿಲ್ಲದೆ ಉಜ್ಜಿದಂತೆಯೇ ಲೆಕ್ಕ. ಹೀಗಾಗಿ ಆ ಕೀರಲು ದನಿ ಬಂದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಮೊದಲು ಅನುಮಾನ ಬಂದದ್ದು ಕಿಡಿಯ ಬದಲು ಕೆಂಪಗೆ ಕಾದ ಪ್ಲಾಟಿನಂ ಸುರುಳಿಯಿಂದ ಇಂಧನ ಹೊತ್ತಿಸುವ ಗ್ಲೋ ಪ್ಲಗ್ಗಿನ ಮೇಲೆ. ಉರಿಯುವ ಅನಿಲದ ಸಂಗದಲ್ಲಿ ಪ್ಲಾಟಿನಂ ತಂತಿ ತಾನಾಗಿ ಕೆಂಪಗಿರುವುದನ್ನು ಹಂಫ್ರಿ ಡೇವಿ 1817ರಲ್ಲೇ ಕಂಡಿದ್ದ. ಸ್ಟಾರ್ಟ್ ಮಾಡುವಾಗ ಸುರುಳಿಯನ್ನು ಕಾಯಿಸುವ ಇಗ್ನೈಟರ್ ತೆಗೆದ ಮೇಲೂ ನಮ್ಮ ಎಂಜಿನ್ನುಗಳು ಓಡುವುದು ಅದೇ ಗುಣದಿಂದ. ಸುರುಳಿಯ ಆ ಗುಣ ಕುಂದಿದ್ದರೆ ಇಗ್ನೈಟರ್ ಇಟ್ಟಿರುವವರೆಗಾದರೂ ಓಡಬೇಕಿತ್ತು. ಆದರೆ ಇಟ್ಟರೂ ಅಷ್ಟೇ, ತೆಗೆದರೂ ಅಷ್ಟೇ, ಅದೇ 40 ಸೆಕೆಂಡು. ಎರಡು ಹೊಸ ಪ್ಲಗ್ ಹಾಕಿ ನೋಡಿ ಆ ಅನುಮಾನ ಬಿಟ್ಟೆ.

ಎರಡನೆಯ ಅನುಮಾನ ಇಂಧನದ ಮೇಲೆ, ಮತ್ತು ಇಲ್ಲಿ ಮಾರಾಟಗಾರರ ಬಗ್ಗೆ ಎರಡು ಮಾತು ಹೇಳಲೇಬೇಕು. ಎರಡು ತಿಂಗಳು ಕಾಯಿಸಿ ಕಳಿಸಿದ ಡಬ್ಬಿಯ ಒಂದು ಮೂಲೆ ನೆಗ್ಗಿತ್ತು, ಮುಚ್ಚಳದ ಸೀಲು ಅರ್ಧ ಎದ್ದಿತ್ತು. ಈ ಇಂಧನದ ಮುಖ್ಯ ಪಾಲಾದ ಮೆಥನಾಲ್ ಗಾಳಿಯ ತೇವವನ್ನು ಎಳೆದುಕೊಂಡು ಕೆಡುತ್ತದೆ. ಅದು ವಿಷ, ಜೊತೆಗೆ ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೂ ಕಷ್ಟ. ಅಂಥ ದ್ರವವನ್ನು ಸಡಿಲ ಮುಚ್ಚಳದಲ್ಲಿ ಕಳಿಸುವುದು ಬರೀ ಅಸಡ್ಡೆಯಲ್ಲ, ಅಪರಾಧ. ಡಬ್ಬಿಯ ಮೇಲೆ ನೈಟ್ರೋ (ನೈಟ್ರೋಮೀಥೇನ್) ಶೇಕಡಾ 16 ಎಂದು ದಪ್ಪಕ್ಷರದಲ್ಲಿದೆ, ಎಣ್ಣೆ ಎಷ್ಟೆಂದು ಎಲ್ಲಿಯೂ ಇಲ್ಲ. ಬ್ರೇಕ್‌ಇನ್ ಮಾಡುವವನಿಗೆ ಮೊದಲು ತಿಳಿಯಬೇಕಾದದ್ದು ಎಣ್ಣೆಯ ಪ್ರಮಾಣ. ಆ ಡಬ್ಬಿಯನ್ನು ಹಿಂದಿರುಗಿಸಿ, ಗೆಳೆಯರೊಬ್ಬರಿಂದ ಸೀಲು ಒಡೆಯದ ಡಬ್ಬಿ ತಂದು ಹಾಕಿದೆ. ಫಲ ಮಾತ್ರ ಅದೇ.

ಟ್ಯಾಂಕನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿದೆ, ಒಂದು ಗುಳ್ಳೆಯೂ ಬರಲಿಲ್ಲ. ಫ್ಯೂಯಲ್ ಲೈನ್, ಪ್ರೆಷರ್ ಲೈನ್ ಎರಡನ್ನೂ ಬದಲಿಸಿದೆ.

ಗಂಟು ಬಿಡಿಸಿದ್ದು ಒಂದು ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿನಷ್ಟು ತೆಳು. ಅಂದರೆ ಕೈಪಿಡಿ ಹೇಳಿದಷ್ಟೇ ನೀಡಲ್ ಬಿಚ್ಚಿದರೂ ಇಲ್ಲಿ ಮಿಶ್ರಣ ರಿಚ್ ಆಗಬೇಕು, ಎಂಜಿನ್ನು ಇಂಧನ ಹೆಚ್ಚಾಗಿ ಕೆಮ್ಮಬೇಕು. ನನ್ನದು ಅದರ ಮೇಲೆ ಒಂದೂವರೆ ಸುತ್ತು ಹೆಚ್ಚು ಬಿಚ್ಚಿದ್ದರೂ ಲೀನ್ ಆಗಿ ಓಡುತ್ತಿದೆ, ಬರೀ ಐಡಲಿನಲ್ಲಿ ಹೆಡ್ 135 ಡಿಗ್ರಿ ತೋರಿಸುತ್ತಿದೆ. ಇಂಧನ ಕಡಿಮೆಯಾಗಿಲ್ಲವೆಂದ ಮೇಲೆ ಗಾಳಿ ಹೆಚ್ಚಾಗಿರಲೇಬೇಕು, ಆ ಗಾಳಿ ಕಾರ್ಬುರೇಟರಿನ ಬಾಯಿಯಿಂದಲ್ಲದೆ ಬೇರೆ ಕಡೆಯಿಂದ ಬರುತ್ತಿರಬೇಕು. ಇದು ಹೊಳೆದದ್ದು ರಾತ್ರಿ ಹನ್ನೊಂದಕ್ಕೆ. ಅಷ್ಟು ಹೊತ್ತಿನಲ್ಲೇ ಎಂಜಿನ್ನನ್ನು ಚಾಸಿಯಿಂದ ಇಳಿಸಿದೆ.

ಕಾರ್ಬುರೇಟರಿನ ಬಾಯಿಗೆ ದಪ್ಪ ಟ್ಯೂಬ್ ಸಿಕ್ಕಿಸಿ, ಥ್ರಾಟಲಿನ ಬ್ಯಾರೆಲ್ ಪೂರ್ತಿ ತೆರೆದು, ಇಂಧನದ ನಿಪ್ಪಲ್ಲನ್ನು ಮುಚ್ಚಿ, ಎಕ್ಸಾಸ್ಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕ್ರ್ಯಾಂಕಿನ ಕಿಂಡಿ ತೆರೆದುಕೊಳ್ಳುವವರೆಗೆ ಫ್ಲೈವೀಲ್ ತಿರುಗಿಸಿ, ಬಕೆಟ್ಟಿನಲ್ಲಿ ಮುಳುಗಿಸಿ ಊದಿದೆ. ಮುಂದಿನ ಬೇರಿಂಗಿನಿಂದ ನಾಲ್ಕಾರು ಗುಳ್ಳೆ ಬಂದವು, ಅಷ್ಟು ಸಹಜ. ಹಿಂಬದಿಯ ಮುಚ್ಚಳವಾದ ಬ್ಯಾಕ್‌ಪ್ಲೇಟಿನಿಂದ ಏನೂ ಇಲ್ಲ. ಕಾರ್ಬುರೇಟರಿನ ಕುತ್ತಿಗೆ ಕೇಸಿನೊಳಗೆ ಇಳಿಯುವ ಜಾಗದಿಂದ ಮಾತ್ರ ಸೋಡಾ ಬಾಟಲಿ ತೆರೆದಂತೆ ಸಾಲುಗುಳ್ಳೆಗಳು ಎದ್ದವು.

ಕ್ಲ್ಯಾಂಪ್ ಬಿಚ್ಚಿ ಕಾರ್ಬುರೇಟರ್ ಎತ್ತಿ ನೋಡಿದರೆ, ಅದರಡಿಯಲ್ಲಿ ಸಂದನ್ನು ಮುಚ್ಚುವ ರಬ್ಬರ್ ಬಳೆಯ, ಅಂದರೆ ಓ-ರಿಂಗಿನ, ಒಂದು ಮಗ್ಗುಲು ಹರಿದು, ಕಪ್ಪು ರಬ್ಬರಿನ ಸಣ್ಣ ಎಸಳೊಂದು ಉಗುರಿನ ಬದಿಯ ಸಿಬಿರಿನಂತೆ ಎದ್ದು ನಿಂತಿತ್ತು. ಜೋಡಿಸುವಾಗಲೇ ಅಂಚಿಗೆ ಸಿಕ್ಕಿ ಹರಿದಿರಬೇಕು. ಆರಂಭದಲ್ಲಿ ಕ್ರ್ಯಾಂಕ್‌ಕೇಸಿನೊಳಗೆ ನಿಂತ ಹಸಿ ಇಂಧನ ಈ ಕೊರತೆಯನ್ನು ತುಂಬಿಕೊಡುತ್ತಿತ್ತು. ಅರ್ಧ ನಿಮಿಷದಲ್ಲಿ ಅದು ಮುಗಿದ ಕೂಡಲೇ ಹೊರಗಿನ ಗಾಳಿಯದೇ ದರ್ಬಾರು. ಆ 40 ಸೆಕೆಂಡಿನ ಲೆಕ್ಕವೂ ಇದರೊಂದಿಗೆ ಸರಿಹೋಯಿತು.

ಬಿಡಿಭಾಗ ಕೇಳಿದರೆ ಎಂಜಿನ್ನು ಮಾರಿದವರು ಪೂರ್ತಿ ಗ್ಯಾಸ್ಕೆಟ್ ಸೆಟ್ ಕೊಳ್ಳಿರೆಂದರು, ಅದೂ ಒಂದೂವರೆ ತಿಂಗಳ ನಂತರ. ಜೆ.ಸಿ. ರಸ್ತೆಯ ಒಂದು ಸಣ್ಣ ಸೀಲು ಅಂಗಡಿಗೆ ಹೋದೆ. ಹಿರಿಯರೊಬ್ಬರು ಹರಿದ ರಿಂಗನ್ನು ಶಂಕುವಿನಾಕಾರದ ಅಳತೆಗೋಲಿಗೆ ಇಳಿಸಿ ನೋಡಿ, “ಇದು ಏರ್ ತಗೊಳ್ತಾ ಇತ್ತಲ್ವಾ ಸರ್?” ಎಂದರು. ನಾನು ಇನ್ನೂ ಏನನ್ನೂ ಹೇಳಿರಲಿಲ್ಲ. ನಮ್ಮ ಫ್ಯೂಯಲ್ ಲೈನುಗಳು ಸಿಲಿಕೋನಿನವೇ ಆದ್ದರಿಂದ ರಿಂಗೂ ಸಿಲಿಕೋನಿನದೇ ಇರಲೆಂದು ಕೇಳಿ ನಾಲ್ಕನ್ನು ತಂದೆ. ನಾಲ್ಕಕ್ಕೂ ಸೇರಿ ಒಂದು ಮಸಾಲೆ ದೋಸೆಯಷ್ಟೂ ಖರ್ಚಾಗಲಿಲ್ಲ. ರಿಂಗಿಗೆ ಒಂದು ಹನಿ ಎಣ್ಣೆ ಸವರಿ, ಕಾರ್ಬುರೇಟರನ್ನು ನೆಟ್ಟಗೆ ಕೆಳಕ್ಕೆ ಒತ್ತಿ ಹಿಡಿದೇ ಕ್ಲ್ಯಾಂಪ್ ಬಿಗಿದೆ. ಒತ್ತದೆ ಬಿಗಿದರೆ ಹೊಸ ರಿಂಗೂ ಕೆಲಸ ಮಾಡುವುದಿಲ್ಲ. ಮತ್ತೆ ಬಕೆಟ್ಟು: ಗುಳ್ಳೆ ಇಲ್ಲ. ನೀರಿಗಿಳಿಸಿದ ಎಂಜಿನ್ನನ್ನು ಹಾಗೇ ಬಿಡಬಾರದಾದ್ದರಿಂದ ಒಣಗಿಸಿ, ತುಕ್ಕು ಹಿಡಿಯದಂತೆ ಕಾಯುವ ಆಫ್ಟರ್-ರನ್ ಎಣ್ಣೆ ಬಿಟ್ಟು ಚೆನ್ನಾಗಿ ತಿರುಗಿಸಿದೆ.

ಈ ಮೂರು ವಾರಗಳಲ್ಲಿ ಹಗ್ಗವನ್ನು ಎಷ್ಟು ಸಲ ಎಳೆದೆನೋ, ಆ ಎಳೆತವನ್ನು ಎಂಜಿನ್ನಿಗೆ ದಾಟಿಸುವ ಒನ್-ವೇ ಬೇರಿಂಗ್ ಆಗಾಗ ಜಾರತೊಡಗಿದೆ. ಆದ್ದರಿಂದ ಮುಂದಿನ ಕೆಲಸ ಹಗ್ಗದ ಬದಲು ಮೋಟಾರಿನಿಂದ ಫ್ಲೈವೀಲ್ ತಿರುಗಿಸುವ ಸ್ಟಾರ್ಟರ್ ಬಾಕ್ಸು. ಚಾಸಿಯ ಅಡಿಯಲ್ಲಿ ಫ್ಲೈವೀಲಿಗೆ ನೇರವಾಗಿ ಕಿಂಡಿ ಇದೆ. 775 ಅಳತೆಯ ಎರಡು ಮೋಟಾರು, 12 ವೋಲ್ಟಿನ ಬ್ಯಾಟರಿ, ಒಂದು ರಬ್ಬರ್ ಚಕ್ರ ಇದ್ದರೆ ಪ್ಲೈವುಡ್ಡಿನಲ್ಲಿ ಪೆಟ್ಟಿಗೆ ಮಾಡಿಕೊಳ್ಳಬಹುದು. ಚಕ್ರದ ಎತ್ತರವನ್ನು ಹೇಗೆ ಹೊಂದಿಸುವುದೆಂದು ಈಗಾಗಲೇ ಎರಡು ನಕ್ಷೆ ಬರೆದಿದ್ದೇನೆ.

ನಿನ್ನೆಯ ಓಟಕ್ಕೆ ಮರಳುತ್ತೇನೆ. ನೀಡಲನ್ನು ಮತ್ತೆ 3 ಸುತ್ತಿಗೆ ತಂದು ಸ್ಟಾರ್ಟ್ ಮಾಡಿದೆ, ಮತ್ತು ಲೆಕ್ಕ ಹೇಳಿದ ಹಾಗೆಯೇ ಎಂಜಿನ್ನು ರಿಚ್ ಆಗಿ ಕೆಮ್ಮಿತು. ಮೊದಲ ಬಾರಿಗೆ ನೀಡಲ್ ನನ್ನ ಮಾತು ಕೇಳಿತ್ತು. ಎಂಟನೇ ಒಂದು ಸುತ್ತು ಮಾತ್ರ ಮುಚ್ಚಿದ ಮೇಲೆ ಹೆಡ್ 95 ಡಿಗ್ರಿಯ ಆಸುಪಾಸಿನಲ್ಲಿ ನಿಂತಿತು. ಐಡಲಿನಲ್ಲಿ ಫ್ಯೂಯಲ್ ಲೈನನ್ನು ಚಿವುಟಿದರೆ ಎರಡು ಮೂರು ಸೆಕೆಂಡು ಓಡಿ, ವೇಗ ಸ್ವಲ್ಪವೇ ಏರಿ ನಿಲ್ಲುತ್ತದೆ. ಮೊದಲೆಲ್ಲ ಚಿವುಟಿದ ಕ್ಷಣವೇ ಸಾಯುತ್ತಿತ್ತು. ಟ್ಯಾಂಕ್ ಮುಗಿದ ಕೂಡಲೇ ಫ್ಲೈವೀಲಿಗೆ ಹಾಕಿದ ಬಿಳಿ ಗುರುತನ್ನು ಕೆಳಕ್ಕೆ ತಂದು, ಪಿಸ್ಟನ್ ತಳದಲ್ಲಿರುವಂತೆ ನಿಲ್ಲಿಸಿದೆ, ಏಕೆಂದರೆ ಮೇಲಿನ ಬಿಗಿಯಲ್ಲಿ ಸಿಕ್ಕಿಕೊಂಡೇ ತಣ್ಣಗಾದರೆ ಸ್ಲೀವ್ ಕೆಡುತ್ತದೆ. ಇವತ್ತು ಬೆಳಿಗ್ಗೆ ಎರಡನೆಯ ಟ್ಯಾಂಕೂ ಹಾಗೆಯೇ ಮುಗಿಯಿತು. ಐಡಲಿನಲ್ಲಿ ಇನ್ನೊಂದು, ಆಮೇಲೆ ನೆಲಕ್ಕಿಳಿಸಿ ಅರ್ಧ ಥ್ರಾಟಲಿನೊಳಗೆ ಎರಡು ಟ್ಯಾಂಕ್ ಉಳಿದಿವೆ. ಪ್ಲಗ್ ತೆಗೆದು ಕೈಯಲ್ಲಿ ತಿರುಗಿಸಿ ನೋಡಿದೆ: ಮೇಲ್ತುದಿಯ ಬಿಗಿ ಹಾಗೇ ಇದೆ, ಆ ಕೀರಲು ಓಟಗಳು ಅದನ್ನು ತಿಂದುಹಾಕಿಲ್ಲ.