ಕಲ್ಲು ಹಾರಿತು

ವಿಜಯಪುರದ ಬಾರಾಕಮಾನಿಗೆ ಹೋಗಿದ್ದು ಅಕ್ಕನ ಮಗನ ಕಾಟಕ್ಕೆ. ರಾತ್ರಿ ಮಳೆಯಾಗಿತ್ತು, ಬೆಳಿಗ್ಗೆ ಬಿಸಿಲು ಚುರುಕಾಗಿತ್ತು. ಎರಡನೇ ಅಲಿ ಆದಿಲ್‌ಶಾಹನ ಗೋರಿ, ಅರ್ಧಕ್ಕೇ ನಿಂತಿದ್ದು. ಮೇಲೆ ಚಾವಣಿ ಇಲ್ಲ, ಎಲ್ಲಿ ನೋಡಿದರೂ ಕಮಾನು, ಕರಿಕಲ್ಲು. ಹುಡುಗ ಗೋಡೆಗೆ ಕೈ ಊರಲು ಹೋಗಿ ತಟ್ಟನೆ ಹಿಂದೆ ಸರಿದ.

“ಮಾಮಾ, ಕಲ್ಲು ಹಾರಿತು ನೋಡ್ರಿ!”

ನಕ್ಕು ನಾನೂ ಕೈ ಚಾಚಿದೆ. ಗೋಡೆಯ ಒಂದು ಚೂರು ಎದ್ದು, ಒಂದು ಸುತ್ತು ಹೊಡೆದು, ಬಂದು ಅಲ್ಲೇ ಅಂಟಿಕೊಂಡಿತು. ಏರೋಪ್ಲೇನ್ ಚಿಟ್ಟೆ! ನಾಲ್ಕೂ ರೆಕ್ಕೆ ಕಲ್ಲಿಗೆ ಒತ್ತಿ ಹರಡಿತ್ತು. ಮೈಯೆಲ್ಲ ಬೂದಿ, ಕಪ್ಪು ಬೆರೆತ ಮಚ್ಚೆ, ಕಲ್ಲಿನ ಹಾವಸೆಯ ಹಾಗೆ. ಮೊಬೈಲಿನಲ್ಲಿ ಐದಾರು ಫೋಟೋ ತೆಗೆದೆ, ಎಲ್ಲದರಲ್ಲೂ ಬರೀ ಗೋಡೆ. ಝೂಮ್ ಮಾಡಿದಾಗ ಸಿಕ್ಕಿದ್ದು ರೆಕ್ಕೆಯ ತುದಿ ಹತ್ತಿರದ ಸಣ್ಣ ಕಪ್ಪು ಪಟ್ಟಿ, ಅದರ ಎರಡೂ ಕೊನೆಗೆ ಬಿಳಿ ಚುಕ್ಕೆ. ಅದೊಂದೇ ಗುರುತು. ಗಂಡು, ಹೆಣ್ಣು ಹೆಚ್ಚುಕಮ್ಮಿ ಒಂದೇ ಥರ.

ಇದಕ್ಕೆ ಇಂಗ್ಲಿಷಿನಲ್ಲಿ ‘ಗ್ರಾನೈಟ್ ಘೋಸ್ಟ್’ ಅಂತಾರೆ. ಶಾಸ್ತ್ರದ ಹೆಸರು ಬ್ರಾಡಿನೊಪೈಗಾ ಜೆಮಿನೇಟಾ, ಇಟ್ಟವನು ಫ್ರಾನ್ಸಿನ ಕೀಟತಜ್ಞ ರಾಂಬುರ್, 1842ರಲ್ಲಿ. ಭೂತ ಸರಿ, ಗ್ರಾನೈಟ್ ಮಾತ್ರ ವಿಜಯಪುರಕ್ಕೆ ಒಪ್ಪದ ಮಾತು. ಇಳಕಲ್ ಕಡೆ ಹೋದರೆ ಗ್ರಾನೈಟ್, ನಮ್ಮದು ಬಸಾಲ್ಟ್ ಅನ್ನೋ ಕರಿಕಲ್ಲು. ಈ ಚಿಟ್ಟೆಗೆ ಆ ಭೇದ ಇಲ್ಲ ಬಿಡಿ. ಭಾರತದ ಬಹಳ ಕಡೆ, ಶ್ರೀಲಂಕಾದಲ್ಲೂ ಇದೆ. ಬಂಡೆಯಾದರೂ ಸೈ, ಬಣ್ಣ ಕಾಣದ ಸಿಮೆಂಟ್ ಗೋಡೆಯಾದರೂ ಸೈ. ಮರಿ ಮಾಡಲು ಕಲ್ಲಿನ ಗುಂಡಿಯಲ್ಲಿ ನಿಂತ ಮಳೆನೀರೇ ಸಾಕು, ಸಿಮೆಂಟ್ ಟಾಕಿಯೂ ಆಗುತ್ತೆ.

ಟಾಕಿ ಅಂದಕೂಡಲೇ ಹುಡುಗನಿಗೆ ಹಿತ್ತಲಿನದು ನೆನಪಾಯಿತು. ಮನೆಗೆ ಬಂದು ನೋಡಿದರೆ ಟಾಕಿಯ ಒಳಗೋಡೆಗೆ, ನೀರಿಗಿಂತ ಒಂದು ಗೇಣು ಮೇಲೆ, ಜೇಡದಂಥದ್ದೇನೋ ಕಾಲೂರಿ ಕೂತಿತ್ತು. ಎಷ್ಟೋ ವರ್ಷದಿಂದ ಅವನ್ನು ಜೇಡ ಅಂತಲೇ ಪೊರಕೆಯಿಂದ ಕೆಡವಿದ್ದೇನೆ. ಉಗುರಿನಿಂದ ಬಿಡಿಸಿಕೊಂಡೆ, ಹೊಟ್ಟಿನಷ್ಟು ಹಗುರ. ಬೆನ್ನು ಸೀಳಿತ್ತು, ಸೀಳಿನಿಂದ ನಾಲ್ಕು ಬಿಳಿ ದಾರ ಇಣುಕುತ್ತಿದ್ದವು. ಚಿಟ್ಟೆ ಬಿಟ್ಟು ಹೋದ ಪೊರೆ ಅದು. ಆ ದಾರ ಮರಿ ಉಸಿರಾಡುತ್ತಿದ್ದ ನಾಳದ ಒಳಪದರ.

ಅಷ್ಟರಲ್ಲಿ ಅಕ್ಕ ಬ್ರಷ್ಷು, ಬಕೆಟ್ ಹಿಡಿದು ಬಂದಳು. “ಸರೀರಿ, ಟಾಕಿ ತಿಕ್ಕಬೇಕು.”

“ಬ್ಯಾಡವ್ವ, ಒಳಗ ಮರಿ ಅದಾವ. ಸೊಳ್ಳಿ ಹುಳ ತಿಂತಾವ ಅವು!”

ಅಕ್ಕ ಬಗ್ಗಿ ನೋಡಿದಳು. ತಳದಲ್ಲಿ ಮಣ್ಣಿನ ಬಣ್ಣದ್ದೊಂದು ಹರಿದಾಡಿತು. ಬೈಯುತ್ತಲೇ ತಂಬಿಗೆಯಿಂದ ಒಂದೊಂದೇ ಮರಿ ಮೊಗೆದು ಬಕೆಟಿಗೆ ಹಾಕಿದಳು, ಆಮೇಲೆ ಟಾಕಿ ತಿಕ್ಕಿದಳು.